ಗಂಡು ಕರು ಎಲ್ಲಿ ಹೋಗುತ್ತದೆ?

ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂಬ ಜಗಳ ನಮ್ಮಲ್ಲಿ ಇವತ್ತಿನದಲ್ಲ. ಆದರೆ ಆ ಜಗಳದಲ್ಲಿ ಹಾಲನ್ನು ಯಾರೂ ಕಟಕಟೆಗೆ ತರುವುದಿಲ್ಲ. ಸಸ್ಯಾಹಾರಿಗಳ ಮನೆಯಲ್ಲಿ ಹಾಲು, ಮೊಸರು, ತುಪ್ಪ ಇದ್ದದ್ದೇ. ಹಾಲು, ಮೊಟ್ಟೆ ಸೇರಿ ಪ್ರಾಣಿಯಿಂದ ಬರುವ ಯಾವುದನ್ನೂ ತಿನ್ನದ ವೀಗನ್‌ಗಳು ತಕರಾರು ತೆಗೆಯುವುದು ಇಲ್ಲೇ. ಪ್ರಾಣಿಯನ್ನು ಕೊಲ್ಲಬಾರದು ಅನ್ನುವವರು ಹಾಲನ್ನೂ ಬಿಡಬೇಕು ಅನ್ನುತ್ತಾರೆ. ಕೇಳುವುದಕ್ಕೆ ಅತಿಯಾಯಿತು ಅನ್ನಿಸಬಹುದು. ಆದರೆ ಹಸು ಸಾಕಿದವರಿಗೆ ಈ ಮಾತು ಸುಳ್ಳಲ್ಲ ಅಂತ ಚೆನ್ನಾಗಿ ಗೊತ್ತು.

ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಒಂಬತ್ತು ತಿಂಗಳು ಗಬ್ಬ, ಆಮೇಲೆ ಸುಮಾರು ಹತ್ತು ತಿಂಗಳು ಹಾಲು. ಡೈರಿಗೆ ಹಾಲು ಹಾಕುವುದು ತಪ್ಪಬಾರದು ಅಂದರೆ ಕರು ಹಾಕಿದ ಎರಡು ಮೂರು ತಿಂಗಳಲ್ಲೇ ಮತ್ತೆ ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಬೇಕು. ಹೀಗೆ ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು.

ನಾವು ಆಸೆಪಟ್ಟು ತಿನ್ನುವ ಗಿಣ್ಣನ್ನೇ ನೋಡಿ. ಮನುಷ್ಯರ ಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಾಸಿನ ಮೂಲಕ ರೋಗ ತಡೆಯುವ ಪ್ರತಿಕಾಯಗಳನ್ನು ಪಡೆದಿರುತ್ತದೆ. ಹಸುವಿನ ಮಾಸು ಅದನ್ನು ದಾಟಿಸುವುದಿಲ್ಲ. ಕರು ಹುಟ್ಟುವಾಗ ಅದಕ್ಕೆ ರೋಗದ ವಿರುದ್ಧ ತಾಯಿಯ ರಕ್ಷಣೆ ಇರುವುದೇ ಇಲ್ಲ. ಆ ರಕ್ಷಣೆಯೆಲ್ಲ ಗಿಣ್ಣು ಹಾಲಿನಲ್ಲಿ ಬರಬೇಕು. ಅದಕ್ಕೂ ಗಡುವಿದೆ. ಕರುವಿನ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ. ಹೆಣ್ಣು ಕರುವಾದರೆ ಕೆಚ್ಚಲಿಗೆ ಬಾಯಿ ಹಚ್ಚಿ ಹೊಟ್ಟೆತುಂಬ ಕುಡಿಸುತ್ತಾರೆ. ಗಂಡಾದರೆ ಆ ಕಾಳಜಿ ಅಷ್ಟಕ್ಕಷ್ಟೇ. ಬೇಧಿ ಹತ್ತಿ ಕೆಲವೇ ವಾರದಲ್ಲಿ ಸಾಯುವ ಗಂಡು ಕರುಗಳಿಗೆ ಲೆಕ್ಕ ಇಡುವವರು ಯಾರು?

ಹಿಂದೆ ಗಂಡು ಕರು ಎತ್ತಾಗುತ್ತಿತ್ತು, ಉಳುತ್ತಿತ್ತು, ಗಾಡಿ ಎಳೆಯುತ್ತಿತ್ತು. ಈಗ ಟ್ರ್ಯಾಕ್ಟರ್, ಟಿಲ್ಲರ್ ಬಂದಿವೆ. ಸೀಮೆಹಸುವಿನ ಗಂಡು ಕರುವಿಗೆ ನೊಗ ಹೊರಲು ಬೇಕಾದ ಭುಜದ ಡುಬ್ಬವೂ ಸರಿಯಾಗಿ ಬರುವುದಿಲ್ಲ, ಬಿಸಿಲೂ ತಡೆಯುವುದಿಲ್ಲ. ಹಾಲು ಕುಡಿಯುವುದೊಂದೇ ಅದರ ಕೆಲಸ, ರೈತ ಮಾರಬೇಕಾಗಿರುವುದೂ ಅದೇ ಹಾಲನ್ನು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಕಾಯ್ದೆ ಬಂತು ಅಂತ ಹಿಂಡಿ, ಬೂಸಾದ ಖರ್ಚೇನೂ ಇಳಿಯಲಿಲ್ಲ. ಹಸು 15-20 ವರ್ಷ ಬದುಕಬಲ್ಲದು, ಲಾಭ ಬರುವಷ್ಟು ಹಾಲು ಕೊಡುವುದು ಅದರಲ್ಲಿ ಕೆಲವು ವರ್ಷ ಅಷ್ಟೇ. ಉಳಿದ ವರ್ಷಗಳ ಮೇವಿನ ಖರ್ಚು ಹಾಲಿನ ದರದಲ್ಲಿ ಸೇರಿಲ್ಲ. ಅದನ್ನು ನಾಲ್ಕೈದು ಹಸು ಕಟ್ಟಿದ ಸಣ್ಣ ರೈತನ ತಲೆಗೆ ಕಟ್ಟಿ, ನಾವು ಕಾಫಿ ಕುಡಿಯುತ್ತ ಅಹಿಂಸೆಯ ಮಾತಾಡುವುದು ನ್ಯಾಯವಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಎಮ್ಮೆಯ ಕಥೆ ಇನ್ನೂ ನೇರ. ಜಗತ್ತಿನಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ ನಮ್ಮದು, ಅದರಲ್ಲಿ ಎಮ್ಮೆ ಹಾಲಿನ ಪಾಲು ದೊಡ್ಡದು. ಎಮ್ಮೆ ಮಾಂಸದ ರಫ್ತಿನಲ್ಲೂ ನಾವೇ ಮುಂದೆ. ಹಾಲು ಬತ್ತಿದ ಎಮ್ಮೆ, ಬೇಡವಾದ ಕೋಣ ಇಲ್ಲದೆ ಆ ಮಾಂಸ ಬರುವುದಿಲ್ಲ. ಎರಡೂ ಒಂದೇ ಕೊಟ್ಟಿಗೆಯಿಂದ ಹೊರಡುತ್ತವೆ.

ವಿಜ್ಞಾನಿಗಳ ಹತ್ತಿರ ಒಂದು ದಾರಿ ಇದೆ. ಹೋರಿಯ ವೀರ್ಯಾಣುಗಳಲ್ಲಿ ಹೆಣ್ಣು ಕರು ಹುಟ್ಟಿಸುವವುಗಳಲ್ಲಿ ಡಿಎನ್‌ಎ ಸುಮಾರು ಶೇ. 4ರಷ್ಟು ಜಾಸ್ತಿ ಇರುತ್ತದೆ. ಡಿಎನ್‌ಎಗೆ ಅಂಟುವ ಬಣ್ಣ ಹಾಕಿ ಲೇಸರ್ ಮುಂದೆ ಹಾಯಿಸಿದರೆ ಅವು ತುಸು ಹೆಚ್ಚು ಹೊಳೆಯುತ್ತವೆ. ಯಂತ್ರ ಅವುಗಳನ್ನು ಬೇರೆ ಮಾಡುತ್ತದೆ. ಈ ಇಂಜೆಕ್ಷನ್ ಹಾಕಿಸಿದರೆ ಹತ್ತರಲ್ಲಿ ಒಂಬತ್ತು ಕರು ಹೆಣ್ಣಾಗುತ್ತವೆ. ಸರ್ಕಾರ ಸಹಾಯಧನವನ್ನೂ ಕೊಡುತ್ತಿದೆ. ಒಳ್ಳೆಯದೇ. ಆದರೆ ಮುದಿ ಹಸುವಿನ ಪ್ರಶ್ನೆ ಹಾಗೇ ಉಳಿಯುತ್ತದೆ.

ಇನ್ನು ಭೂಮಿಯ ಮಾತು. ಇಲ್ಲಿ ವೀಗನ್‌ಗಳ ವಾದಕ್ಕೆ ದೊಡ್ಡ ಬಲವಿದೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 119 ದೇಶಗಳ ಸುಮಾರು 38,700 ಹೊಲ, ಫಾರಂಗಳ ಲೆಕ್ಕ ಒಟ್ಟುಮಾಡಿತು. ಮಾಂಸಕ್ಕೆಂದೇ ಸಾಕಿದ ದನದಿಂದ 100 ಗ್ರಾಂ ಪ್ರೋಟೀನ್ ಪಡೆಯಲು ಸರಾಸರಿ 50 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು ಭೂಮಿ ಬಿಸಿ ಮಾಡುವ ಅನಿಲ ಹೊರಬೀಳುತ್ತದೆ. ಬಟಾಣಿಯಿಂದಾದರೆ ಅರ್ಧ ಕಿಲೋ ಕೂಡ ಇಲ್ಲ. ದನದ ಹೊಟ್ಟೆಯಲ್ಲಿ ಹುಲ್ಲು ಹುದುಗುವಾಗ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ, ಅದು ತೇಗಿನಲ್ಲಿ ಹೊರಬರುತ್ತದೆ. ಮೆಲುಕು ಹಾಕುವ ಪ್ರಾಣಿಯಿಂದ ಈ ಅನಿಲವನ್ನು ಪೂರ್ತಿ ತಪ್ಪಿಸುವುದು ಕಷ್ಟ.

ಆದರೂ ಎಲ್ಲ ಮಾಂಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚಿತ್ರದುರ್ಗ, ಕೊಪ್ಪಳದ ಕಡೆ ಕುರಿಗಾಹಿಗಳು ಕೊಯ್ಲಾದ ಹೊಲದ ಕೂಳೆ, ಬೀಳು ನೆಲದ ಹುಲ್ಲು ಮೇಯಿಸಿ ಮಂದೆ ಸಾಕುತ್ತಾರೆ. ಅಲ್ಲಿ ಮನುಷ್ಯರು ತಿನ್ನುವ ಕಾಳನ್ನು ಕುರಿ ಕಸಿದುಕೊಳ್ಳುತ್ತಿಲ್ಲ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಲ ಸಿಗುತ್ತದೆ ಅಂತ ರೈತರೇ ದುಡ್ಡೋ ಕಾಳೋ ಕೊಡುತ್ತಾರೆ. ಈ ಕುರಿಯೂ ಮೀಥೇನ್ ಬಿಡುತ್ತದೆ, ಕೊನೆಗೆ ಸಾಯುವುದೂ ನಿಜ. ಆದರೆ ಕಾಡು ಕಡಿದು ಸೋಯಾ ಬೆಳೆದು ತಿನ್ನಿಸಿದ ಪ್ರಾಣಿಗೂ ಇದಕ್ಕೂ ಬಹಳ ಅಂತರವಿದೆ.

ಹಾಗಾದರೆ ಎಲ್ಲ ಬಿಟ್ಟು ಬದುಕಬಹುದೇ? ಬದುಕಬಹುದು. ನಮ್ಮ ಅಡುಗೆಯೇ ಅರ್ಧ ಕೆಲಸ ಮಾಡಿಟ್ಟಿದೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಮ್ಮಿ, ಕಾಳುಗಳಲ್ಲಿ ಅದು ಧಾರಾಳ. ಮುದ್ದೆಯ ಜೊತೆ ಹುರುಳಿ ಬಸ್ಸಾರೋ ಅವರೆಕಾಳು ಸಾರೋ ಇದ್ದರೆ ಆ ಕೊರತೆ ತುಂಬಿತು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಆದರೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಫೈಟೇಟ್ ಕಮ್ಮಿಯಾಗುತ್ತದೆ. ಮಕ್ಕಳ ರಾಗಿ ಸರಿಗೆ ನಮ್ಮಜ್ಜಿಯರು ರಾಗಿ ನೆನೆಸಿ ಮೊಳಕೆ ಬರಿಸುತ್ತಿದ್ದದ್ದು ಸುಮ್ನೆ ಅಲ್ಲ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತಬೇಕಾದರೆ ನಿಂಬೆಹಣ್ಣು ಹಿಂಡಿ, ಊಟದ ಹಿಂದೆಯೇ ಚಹಾ ಕುಡಿಯಬೇಡಿ.

ಯಾವ ಅಡುಗೆಯಿಂದಲೂ ತುಂಬಿಸಲಾಗದ್ದು ಬಿ12. ಗಿಡಗಳು ಅದನ್ನು ಮಾಡುವುದಿಲ್ಲ, ಪ್ರಾಣಿಗಳೂ ಮಾಡುವುದಿಲ್ಲ. ಅದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳ ಕೆಲಸ. ಹಸುವಿನ ಹೊಟ್ಟೆಯಲ್ಲಿ ತಯಾರಾದದ್ದು ಹಾಲಿಗೆ, ಮಾಂಸಕ್ಕೆ ಸೇರುತ್ತದೆ. ನಮಗೆ ದಿನಕ್ಕೆ ಬೇಕಾಗಿರುವುದು ಎರಡೂವರೆ ಮೈಕ್ರೋಗ್ರಾಂ ಆಸುಪಾಸು. ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ವೀಗನ್ ಆದ ಕೂಡಲೇ ಏನೂ ಗೊತ್ತಾಗುವುದಿಲ್ಲ. ದಾಸ್ತಾನು ಮುಗಿದ ಮೇಲೆ ಕೈಕಾಲು ಜೋಮು, ಮರೆವು, ರಕ್ತಹೀನತೆ ಶುರುವಾಗುತ್ತವೆ. ನರಕ್ಕೆ ಆದ ಹಾನಿ ಕೆಲವೊಮ್ಮೆ ವಾಪಸ್ ಸರಿಹೋಗುವುದಿಲ್ಲ. ಮಾತ್ರೆಯ ಬಿ12 ಕೂಡ ಬ್ಯಾಕ್ಟೀರಿಯಾ ಬೆಳೆಸಿಯೇ ತೆಗೆದದ್ದು, ಅದಕ್ಕೆ ಪ್ರಾಣಿ ಬೇಕಿಲ್ಲ. ವೀಗನ್ ಆಗುವವರು ಇದನ್ನು ದಯವಿಟ್ಟು ತಪ್ಪಿಸಬೇಡಿ. ಬಸುರಿ, ಬಾಣಂತಿಯರಂತೂ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮಾತ್ರೆ ಕೊಳ್ಳುವ ಶಕ್ತಿ, ರಕ್ತಪರೀಕ್ಷೆ ಮಾಡಿಸುವ ಅನುಕೂಲ, ತಟ್ಟೆಯಲ್ಲಿ ದಿನಾ ಕಾಳು, ಸೊಪ್ಪು ಇರುವವರು ಮಾಂಸ, ಹಾಲು ಕಮ್ಮಿ ಮಾಡಬೇಕು, ಸಾಧ್ಯವಾದರೆ ಬಿಡಬೇಕು ಎಂಬುದು ನನ್ನ ನಿಲುವು. ಇದೇ ಮಾತನ್ನು ಶಾಲೆಯ ಮಕ್ಕಳಿಗೆ ಹೇಳಲು ನಾನು ತಯಾರಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಡಿಸೆಂಬರ್‌ನಲ್ಲಿ ಯಾದಗಿರಿ, ರಾಯಚೂರು ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಕೇಳಿ ತಿಂದದ್ದು ಮಕ್ಕಳು. ಆಮೇಲೆ ಯೋಜನೆ ರಾಜ್ಯದ ಉಳಿದ ಕಡೆಗೂ ಹಬ್ಬಿತು. ಮೊಟ್ಟೆ ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಅದರಲ್ಲಿ ಬಿ12 ಇಲ್ಲ. ಮನೆಯಲ್ಲೂ ಹಾಲು, ಮೊಸರು ಸಿಗದಿದ್ದರೆ ಅವರಿಗೆ ಬಿ12 ಸಿಗುವ ಒಂದು ಮುಖ್ಯ ದಾರಿ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು. ಆ ಹಾಲನ್ನು ನಿಲ್ಲಿಸಬೇಕು ಅನ್ನುವವರು ಮೊದಲು ಅದರ ಬದಲಿಗೆ ಬಿ12 ಸೇರಿಸಿದ ಏನನ್ನು, ಯಾರ ದುಡ್ಡಿನಲ್ಲಿ ಕೊಡುತ್ತೀರಿ ಅಂತ ಹೇಳಬೇಕು.