ಲೆದರ್ ಕೋರಲ್ ಊಟದ ತಟ್ಟೆಯಷ್ಟಾದಾಗ

ಹೋದ ತಿಂಗಳು ಜಯನಗರದ ಒಂದು ಮನೆಗೆ ಟ್ಯಾಂಕ್ ನೋಡೋಕೆ ಹೋಗಿದ್ದೆ. ನಾಲ್ಕಡಿಯ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಲ್ಲಿ ಜೀವಂತ ಹವಳ ಸಾಕುವ ಅಕ್ವೇರಿಯಂ. ಮಧ್ಯದಲ್ಲಿ ಲೆದರ್ ಕೋರಲ್ ಅನ್ನೋ ಅಣಬೆಯಂಥ ಮೆದು ಹವಳ ಊಟದ ತಟ್ಟೆಯಷ್ಟು ಅಗಲವಾಗಿ ಕೂತಿತ್ತು. ಅದರ ನೆರಳಲ್ಲಿ ಜೋವಾಗಳು (ಹೂವಿನಂತೆ ಅರಳುವ, ಹವಳದ ಬಳಗದ ಸಣ್ಣ ಜೀವಿಗಳು) ಅರಳದೆ ಮುದುಡಿಕೊಂಡು ಬಣ್ಣ ಕಳೆದುಕೊಂಡಿದ್ದವು. ಲೆದರ್ ಕೋರಲನ್ನು ಕತ್ತರಿಸಿ ಅಂದೆ. "ಇಷ್ಟು ಚೆನ್ನಾಗಿ ಬೆಳೆದಿದೆ, ಕತ್ತರಿಸಿದ್ರೆ ಸತ್ತು ಹೋಗಲ್ವಾ ಸರ್?" ಅಂತ ಮನೆಯವರು ಕೇಳಿದರು.

ಸಾಯಲ್ಲ. ದೊಡ್ಡಪತ್ರೆ ಕಡ್ಡಿ ಮುರಿದು ನೆಟ್ಟರೆ ಇನ್ನೊಂದು ಗಿಡ ಆಗುತ್ತಲ್ವಾ, ಇದೂ ಹಾಗೇ. ಕತ್ತರಿಸದೆ ಬಿಟ್ಟರೆ ಅಕ್ಕಪಕ್ಕದವಕ್ಕೆ ಕಷ್ಟ. ನೆರಳೊಂದೇ ಅಲ್ಲ, ಲೆದರ್ ಕೋರಲ್ ಟರ್ಪೀನ್ ಜಾತಿಯ ರಾಸಾಯನಿಕಗಳನ್ನು ನೀರಿಗೆ ಬಿಟ್ಟು, ಮುಟ್ಟದೆಯೇ ದೂರದ ಹವಳವನ್ನೂ ಕುಗ್ಗಿಸುತ್ತದೆ. ಅದಕ್ಕೇ ಕತ್ತರಿ ಹಿಡಿಯುವ ಹಿಂದಿನ ದಿನವೇ, ಟ್ಯಾಂಕಿನ ನೀರು ಶೋಧಿಸುವ ತೊಟ್ಟಿಯಾದ ಸಂಪ್‌ಗೆ ಆ ರಾಸಾಯನಿಕ ಹೀರಿಕೊಳ್ಳೋ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿಡಿ.

ಟ್ಯಾಂಕಿನೊಳಗೆ ಮಾತ್ರ ಕತ್ತರಿಸಬೇಡಿ. ಶುರುವಿನ ದಿನಗಳಲ್ಲಿ ನಾನು ಹಾಗೆ ಮಾಡಿ, ಆ ರಸವೆಲ್ಲ ನೀರಿಗೆ ಸೇರಿ, ರಾತ್ರಿಯಿಡೀ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ಉಕ್ಕಿ, ಬೆಳಿಗ್ಗೆ ನೋಡಿದರೆ ಉಳಿದ ಹವಳ ಒಂದೂ ಅರಳಿರಲಿಲ್ಲ. ಕಲ್ಲಿನ ಸಮೇತ ಹೊರಗೆ ತೆಗೆದು, ಟ್ಯಾಂಕಿನದೇ ನೀರು ತುಂಬಿದ ಟಬ್‌ನಲ್ಲಿಡಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಹೊಸ ಬ್ಲೇಡ್ ತಗೊಂಡು ಅಣಬೆಯ ತಲೆಯಂಥ ಭಾಗವನ್ನು ಒಂದೇ ಎಳೆತಕ್ಕೆ ಕೊಯ್ಯಿರಿ. ಒಳಗೆಲ್ಲ ಗಟ್ಟಿ ರಬ್ಬರಿನ ಹಾಗಿರುತ್ತೆ, ಲೋಳೆ ಬರುತ್ತೆ, ವಾಸನೆಯೂ ಇರುತ್ತೆ. ಉಳಿದ ಬುಡದಿಂದ ಮತ್ತೆ ತಲೆ ಬರುತ್ತದೆ. ಟ್ಯಾಂಕಿಗೆ ಇಳಿಸುವ ಮೊದಲು ಇನ್ನೊಂದು ಬಕೆಟ್ ಉಪ್ಪುನೀರಿನಲ್ಲಿ ಅದ್ದಿ ತೆಗೆಯಿರಿ, ನಲ್ಲಿ ನೀರು ಬೇಡವೇ ಬೇಡ.

ತುಂಡುಗಳನ್ನು ಸೂಪರ್ ಗ್ಲೂನಲ್ಲಿ ಅಂಟಿಸೋಕೆ ಹೋಗಬೇಡಿ, ಆ ಲೋಳೆಗೆ ಅದು ಸಾಮಾನ್ಯವಾಗಿ ನಿಲ್ಲೋದಿಲ್ಲ. ಸಣ್ಣ ಕಲ್ಲಿನ ಮೇಲಿಟ್ಟು ರಬ್ಬರ್ ಬ್ಯಾಂಡ್ ಸಡಿಲವಾಗಿ ಸುತ್ತಿ, ನೀರಿನ ಸೆಳೆತ ಕಡಿಮೆ ಇರೋ ಮೂಲೆಯಲ್ಲಿ ಬಿಡಿ. ಎರಡು ವಾರದ ಹೊತ್ತಿಗೆ ಹಿಡಿದುಕೊಳ್ಳುತ್ತೆ. ಅಷ್ಟರಲ್ಲಿ ಕುಗ್ಗಿ, ಮೇಣದಂಥ ಪೊರೆ ಬಿಟ್ಟರೆ ಗಾಬರಿಯಾಗಬೇಡಿ. ಹಾವು ಪೊರೆ ಬಿಡುತ್ತಲ್ಲ, ಹಾಗೇ ಅದು.

ಎಲ್ಲಕ್ಕೂ ಇದೇ ಉಪಾಯ ನಡೆಯಲ್ಲ. ಗ್ರೀನ್ ಸ್ಟಾರ್ ಪಾಲಿಪ್ ಅನ್ನೋ ಮೆದು ಹವಳ ಗರಿಕೆ ಹುಲ್ಲಿನ ಹಾಗೆ. ಅದರ ಬುಡದ ನೇರಳೆ ಚಾಪೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತರೂ ಒಂದು ಚೂರು ಉಳಿದರೆ ಸಾಕು, ಮತ್ತೆ ಹಬ್ಬುತ್ತೆ. ಸುತ್ತ ಮೂರ್ನಾಲ್ಕು ಇಂಚು ಬರೀ ಮರಳು ಬಿಟ್ಟು, ಒಂಟಿ ಕಲ್ಲಿನ ಮೇಲೆ ಅದನ್ನು ಸಾಕಿ. ಹೊಸದಾಗಿ ಟ್ಯಾಂಕ್ ಮಾಡೋರಿಗೆ ನಾನು ಮೊದಲು ಹೇಳೋ ಮಾತೇ ಇದು. ಕೀನ್ಯಾ ಟ್ರೀ ಅನ್ನೋ ಮೆದು ಹವಳ ಕಾಡುಬಸಳೆಯ ಹಾಗೆ ತಾನೇ ತುಂಡು ಉದುರಿಸುತ್ತೆ, ವಾರಕ್ಕೊಮ್ಮೆ ಆರಿಸಿ ತೆಗೆಯಿರಿ. ಝೀನಿಯಾ ಅನ್ನೋ ಹವಳ ಪಕ್ಕದ ಕಲ್ಲಿಗೆ ಹತ್ತುತ್ತೆ, ಹತ್ತಿದ ಕಲ್ಲನ್ನೇ ಎತ್ತಿಬಿಡಿ.

ಜೋವಾ ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರು. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ. ನೋಡಿ ಯಾವುದರಲ್ಲಿದೆ ಅಂತ ಹೇಳೋಕಾಗಲ್ಲ. ಕಲ್ಲನ್ನು ಕುದಿಸೋದು, ಬಿಸಿನೀರು ಹುಯ್ದು ಉಜ್ಜೋದು ಎರಡೂ ಬೇಡ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಅಕ್ವೇರಿಯಂ ಹವಳ ತೊಳೆಯೋಕೆ ಹೋಗಿ ಇಡೀ ಕುಟುಂಬ ಆಸ್ಪತ್ರೆ ಸೇರಿತು.

ಇನ್ನು ಹೆಚ್ಚಾದ ತುಂಡುಗಳು. ಕಲ್ಲಿಗೆ ಹಿಡಿದವನ್ನು ಟ್ಯಾಂಕ್ ಇರೋ ಗೆಳೆಯರಿಗೆ ಕೊಡಿ, ಬೇಡದ್ದನ್ನು ಕವರ್‌ನಲ್ಲಿ ಕಟ್ಟಿ ಕಸಕ್ಕೆ ಹಾಕಿ. "ಜೀವ ಅಲ್ವಾ, ಪಾಪ" ಅಂತ ಮುರುಡೇಶ್ವರಕ್ಕೋ ಮಲ್ಪೆಗೋ ಹೋದಾಗ ಸಮುದ್ರಕ್ಕೆ ಬಿಡಬೇಡಿ. ವೆನೆಜುವೆಲಾದ ಕರಾವಳಿಯಲ್ಲಿ ಹೀಗೇ ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ ಬಂದು ಸೇರಿದ ಯುನೋಮಿಯಾ ಅನ್ನೋ ಮೆದು ಹವಳ ಅಲ್ಲಿನ ಹವಳಗಳನ್ನೇ ಮುಚ್ಚಿಹಾಕುತ್ತಿದೆ. ಮುರುಡೇಶ್ವರದ ಹತ್ತಿರದ ನಮ್ಮ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ.