ಸಿಲ್ವರಾಡೊಗೆ ಹೈ-ಸ್ಟಾಲ್ ಕನ್ವರ್ಟರ್: ಎಷ್ಟು ಆರ್‌ಪಿಎಂ, ಯಾಕೆ?

ಅಮೆರಿಕದಲ್ಲಿ ಟ್ರಕ್ ಅಂದರೆ ನಮ್ಮ ಲಾರಿಯಲ್ಲ, ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್. ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಕಟ್ಟುವ ಹವ್ಯಾಸವಿರುವವರಿಗೆ ಅಲ್ಲಿ ಬಹಳ ಪರಿಚಿತವಾದ ಗಾಡಿ 1999ರಿಂದ 2006ರವರೆಗಿನ ಷೆವ್ರೊಲೆ ಸಿಲ್ವರಾಡೊ 1500. 5.3 ಲೀಟರಿನ ವಿ8 ಎಂಜಿನ್, ಅದರ ಹಿಂದೆ ನಾಲ್ಕು ಗೇರಿನ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರ ಹತ್ತಿರವಾದರೂ ಇಂಥ ಗಾಡಿ ಇದ್ದರೆ ಅದರ ಒಂದು ಗುಣ ಗೊತ್ತೇ ಇರುತ್ತದೆ: ಓಡುವಾಗ ಚೆನ್ನಾಗಿ ಎಳೆಯುತ್ತದೆ, ನಿಂತಲ್ಲಿಂದ ಹೊರಡುವಾಗ ಮಾತ್ರ ಮಂಕು.

ಕಾರಣ ಎಂಜಿನ್ನಿನ ದೌರ್ಬಲ್ಯವಲ್ಲ. ಈ 5.3ರ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಬರುವುದು 4,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಹತ್ತಿರ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗವೇ ಟಾರ್ಕ್ ಕನ್ವರ್ಟರ್. ಕಂಪನಿಯಿಂದ ಬಂದ ಕನ್ವರ್ಟರ್ ಸುಮಾರು 1,600ರಿಂದ 1,800ರಲ್ಲೇ ಎಂಜಿನ್ನನ್ನು ಹಿಡಿದುಕೊಳ್ಳುತ್ತದೆ. ಗಾಡಿ ನಿಂತಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಏರಬಲ್ಲ ಈ ಮಿತಿಗೇ ಸ್ಟಾಲ್ ಎನ್ನುವುದು. ಎರಡು ಟನ್ನಿಗೂ ಮೀರಿದ ಗಾಡಿಯನ್ನು ಕದಲಿಸಬೇಕಾದ ಗಳಿಗೆಯಲ್ಲೇ ಎಂಜಿನ್ ತನ್ನ ಶಕ್ತಿ ಬರುವ ಜಾಗದಿಂದ ದೂರ ಇರುತ್ತದೆ. ಹೈ-ಸ್ಟಾಲ್ ಕನ್ವರ್ಟರ್ ಮಾಡುವುದು ಇಷ್ಟೇ: ಎಂಜಿನ್ನನ್ನು ಇನ್ನೊಂದು ಸಾವಿರ ಆರ್‌ಪಿಎಂ ಮೇಲಕ್ಕೆ ಏರಲು ಬಿಟ್ಟು, ಆಮೇಲೆ ಹಿಡಿಯುತ್ತದೆ.

ಕನ್ವರ್ಟರನ್ನು ಎದುರುಬದುರು ಇಟ್ಟ ಎರಡು ಫ್ಯಾನಿಗೆ ಹೋಲಿಸುವುದುಂಟು. ಆ ಹೋಲಿಕೆ ಮುಖ್ಯ ಭಾಗವನ್ನೇ ಬಿಟ್ಟುಬಿಡುತ್ತದೆ. ಎಂಜಿನ್ ತಿರುಗಿಸುವ ಇಂಪೆಲ್ಲರ್ ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸಿಗೆ ಸೇರಿದ ಟರ್ಬೈನ್ ಅದರ ಹೊಡೆತಕ್ಕೆ ತಿರುಗುತ್ತದೆ, ಸರಿ. ಆದರೆ ಟರ್ಬೈನಿನಿಂದ ಹೊರಬರುವ ಎಣ್ಣೆ ತಿರುವು ತಗೊಂಡು ಇಂಪೆಲ್ಲರಿಗೇ ಎದುರಾಗಿ ಬರುತ್ತದೆ. ನಲ್ಲಿಯ ರಭಸದ ನೀರಿಗೆ ಬೊಗಸೆ ಒಡ್ಡಿದರೆ ನೀರು ಮುಖಕ್ಕೇ ಎರಚುತ್ತದಲ್ಲ, ಹಾಗೆ. ನಡುವೆ ಕೂತ ಸ್ಟೇಟರ್ ಆ ಎಣ್ಣೆಯನ್ನು ಮತ್ತೆ ಇಂಪೆಲ್ಲರ್ ತಿರುಗುವ ದಿಕ್ಕಿಗೇ ಹೊರಳಿಸುತ್ತದೆ. ಗಾಡಿ ನಿಂತಿರುವಾಗ ಎಂಜಿನ್ನಿನ ಟಾರ್ಕ್ ಸುಮಾರು ಎರಡು ಪಟ್ಟಾಗುವುದು ಇದರಿಂದಲೇ. ಕಂಪನಿಯ 300 ಮಿಲಿಮೀಟರ್ ಕನ್ವರ್ಟರಿನ ಬದಲು ಚಿಕ್ಕ ವ್ಯಾಸದ್ದನ್ನು ಹಾಕಿ, ಸ್ಟೇಟರ್ ಎಲೆಗಳ ಕೋನ ಬದಲಿಸಿದರೆ ಸ್ಟಾಲ್ ಮೇಲೇರುತ್ತದೆ.

ಈಗ ಕೊಳ್ಳುವವರು ಎಡವುವ ಜಾಗ. ಪೆಟ್ಟಿಗೆಯ ಮೇಲೆ 3,000 ಎಂದು ಬರೆದಿದ್ದರೆ ಅದು ಕನ್ವರ್ಟರಿನ ಸ್ವಂತ ಗುಣವಲ್ಲ, ಯಾವುದೋ ಒಂದು ಎಂಜಿನ್ನಿನ ಹಿಂದೆ ಅದು ತೋರಿಸುವ ಅಂಕಿ. ಸ್ಟಾಲ್ ಆರ್‌ಪಿಎಂ ಎಂಜಿನ್ ಟಾರ್ಕಿನ ವರ್ಗಮೂಲದ ಲೆಕ್ಕದಲ್ಲಿ ಏರಿಳಿಯುತ್ತದೆ. ಆ ವೇಗದಲ್ಲಿ 400 ಪೌಂಡ್-ಅಡಿ ಟಾರ್ಕ್ ಕೊಡುವ ಎಂಜಿನ್ನಿಗೆ 3,000 ತೋರಿಸುವ ಕನ್ವರ್ಟರ್, 300 ಕೊಡುವ ನಿಮ್ಮ 5.3ರ ಹಿಂದೆ ಸುಮಾರು 2,600 ಮಾತ್ರ ತೋರಿಸುತ್ತದೆ. ನಾಳೆ ಸೂಪರ್‌ಚಾರ್ಜರ್ ಕೂರಿಸಿ ಟಾರ್ಕನ್ನು 420ಕ್ಕೆ ಏರಿಸಿದರೆ ಅದೇ ಕನ್ವರ್ಟರ್ 3,000 ದಾಟುತ್ತದೆ. ಹಾಗಾಗಿ ಆರ್ಡರ್ ಕೊಡುವಾಗ ಅಂಕಿ ಕೇಳಬೇಡಿ, ವಿವರ ಕೊಡಿ: ಎಂಜಿನ್, ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ), ಗಾಡಿಯ ತೂಕ, ಹಿಂದಿನ ಆಕ್ಸಲಿನ ಅನುಪಾತ, ಟೈರಿನ ಎತ್ತರ, ಟ್ರೇಲರ್ ಎಳೆಯುತ್ತೀರೋ ಇಲ್ಲವೋ. ಈ ಪ್ರಶ್ನೆಗಳನ್ನು ಕೇಳದೆ ಮಾಲು ಕಳಿಸುವವರಿಂದ ಕೊಳ್ಳದಿರುವುದೇ ಲೇಸು.

ಇನ್ನೊಂದು ಹೆದರಿಕೆಯೂ ಇದೆ, 3,000 ಮುಟ್ಟುವ ತನಕ ಗಾಡಿ ಕದಲುವುದೇ ಇಲ್ಲ ಅಂತ. ಹಾಗಿಲ್ಲ. ಸ್ಟಾಲ್ ಅಂಕಿ ಪೂರ್ತಿ ಥ್ರಾಟಲಿನದು. ಕಾಲು ಹಗುರವಾಗಿಟ್ಟರೆ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೇ ಗಾಡಿ ಹೊರಡುತ್ತದೆ, ಮೊದಲಿಗಿಂತ ಸ್ವಲ್ಪ ಸಡಿಲ ಅನ್ನಿಸುತ್ತದೆ ಅಷ್ಟೆ.

ಈ ಗೇರ್‌ಬಾಕ್ಸಿಗೆ ಹೈ-ಸ್ಟಾಲ್ ಅಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣ ಅದರ ಗೇರುಗಳಲ್ಲೇ ಇದೆ. 4ಎಲ್60ಇ ಅನುಪಾತಗಳು 3.06, 1.63, 1.00, 0.70. ಒಂದರಿಂದ ಎರಡಕ್ಕೆ ದೊಡ್ಡ ಕಂದಕ. 5,800ರಲ್ಲಿ ಗೇರ್ ಬದಲಾದರೆ, ಕನ್ವರ್ಟರಿನಲ್ಲಿ ಜಾರುವಿಕೆಯೇ (ಇಂಪೆಲ್ಲರಿಗಿಂತ ಟರ್ಬೈನ್ ಹಿಂದೆ ಬೀಳುವುದು) ಇಲ್ಲವೆಂದಿಟ್ಟುಕೊಂಡರೆ, ಎಂಜಿನ್ 3,090ಕ್ಕೆ ಕುಸಿಯುತ್ತದೆ. ಎರಡರಿಂದ ಮೂರಕ್ಕಾದರೆ 3,560ರ ಹತ್ತಿರ ನಿಲ್ಲುತ್ತದೆ. 3,000ದ ಆಸುಪಾಸಿನಲ್ಲಿ ಹಿಡಿಯುವ ಕನ್ವರ್ಟರ್ ಆ ಮೊದಲ ಕುಸಿತವನ್ನು ತಡೆದು ಎಂಜಿನ್ನನ್ನು ಶಕ್ತಿಯಿರುವ ಕಡೆಯೇ ಇರಿಸುತ್ತದೆ. ಹೊರಡುವ ಜಿಗಿತ ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ನಿಜವಾದ ಲಾಭದ ಅರ್ಧ ಪಾಲು ಈ ಒಂದು ಗೇರ್ ಬದಲಾವಣೆಯಲ್ಲಿದೆ. ಕಂಪನಿಯ ಕ್ಯಾಮ್ ಇದ್ದರೆ 2,400ರಿಂದ 2,800, ಸೌಮ್ಯವಾದ ದೊಡ್ಡ ಕ್ಯಾಮ್ ಇದ್ದರೆ 2,800ರಿಂದ 3,200 ಸಾಕು. ಭಾರದ ಟ್ರೇಲರ್ ಎಳೆಯುವ ಗಾಡಿಯಾದರೆ 2,400 ದಾಟಬೇಡಿ.

ಜಾರುವಿಕೆಯೆಲ್ಲ ಕೊನೆಗೆ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗಲು ಗಾಡಿಗೆ 40 ಅಶ್ವಶಕ್ತಿ ಬೇಕು ಅನ್ನಿ. ಎಂಜಿನ್ ಕಡೆಯನ್ನೂ ಟರ್ಬೈನನ್ನೂ ನೇರ ಬೆಸೆಯುವ ಲಾಕ್‌ಅಪ್ ಕ್ಲಚ್ ಹಿಡಿಯದೆ ನೂರಕ್ಕೆ ಹತ್ತು ಪಾಲು ಜಾರಿದರೂ 3 ಕಿಲೋವ್ಯಾಟ್ ಎಣ್ಣೆಗೆ ಹೋಗುತ್ತದೆ. ಬಕೆಟ್ಟಿನಲ್ಲಿ ನೀರು ಕಾಯಿಸುವ 1,500 ವ್ಯಾಟಿನ ಎರಡು ಕಾಯಿಲ್‌ಗಳನ್ನು ಗೇರ್ ಎಣ್ಣೆಯಲ್ಲಿ ಅದ್ದಿಟ್ಟು ಗಂಟೆಗಟ್ಟಲೆ ಓಡಿಸಿದಂತೆ. ಬ್ರೇಕ್ ಒತ್ತಿ 2,800ರಲ್ಲಿ ಪೂರ್ತಿ ಸ್ಟಾಲ್ ಮಾಡಿದಾಗಲಂತೂ ಸುಮಾರು 160 ಅಶ್ವಶಕ್ತಿಯೂ ಬಿಸಿಯೇ, ಅಂದರೆ ಅಂಥ 80 ಕಾಯಿಲ್. ಸ್ಟಾಲ್ ಪರೀಕ್ಷೆ 5 ಸೆಕೆಂಡು ಮೀರಬಾರದು ಅನ್ನುವುದು ಇದಕ್ಕೇ.

ಆದ್ದರಿಂದ ಕೂಲರ್ ಮೊದಲು, ಕನ್ವರ್ಟರ್ ಆಮೇಲೆ. ತಟ್ಟೆಗಳನ್ನು ಜೋಡಿಸಿದ ಮಾದರಿಯ ದೊಡ್ಡ ಕೂಲರನ್ನು ರೇಡಿಯೇಟರಿನ ಮುಂದೆ ಕೂರಿಸಿ. ಎಣ್ಣೆ ಮೊದಲು ರೇಡಿಯೇಟರಿನೊಳಗಿನ ಕೂಲರ್ ದಾಟಿ, ಬಳಿಕ ಇದಕ್ಕೆ ಬಂದು, ಗೇರ್‌ಬಾಕ್ಸಿಗೆ ಹಿಂತಿರುಗಲಿ. ಹಳೆಯ ಲೈನುಗಳನ್ನು ತೊಳೆಯದೆ ಬಿಟ್ಟರೆ ಹಳೆಯ ಕನ್ವರ್ಟರಿನ ಲೋಹದ ಪುಡಿ ನೇರ ಹೊಸದರೊಳಗೆ ಸೇರುತ್ತದೆ. ಕಂಪ್ಯೂಟರ್ ತೋರಿಸುವ ಉಷ್ಣತೆ ಗೇರ್‌ಬಾಕ್ಸಿನ ತಳದ ಪ್ಯಾನಿನೊಳಗಿನ ಎಣ್ಣೆಯದು, ಕನ್ವರ್ಟರಿನಿಂದ ಹೊರಬೀಳುವ ಎಣ್ಣೆ ಅದಕ್ಕಿಂತ ಬಹಳ ಬಿಸಿ ಎಂಬುದು ನೆನಪಿರಲಿ. ಪ್ಯಾನಿನಲ್ಲಿ 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಚಿಂತೆಯಿಲ್ಲ.

ಗೇರ್‌ಬಾಕ್ಸ್ ಇಳಿಸುವ ಕೆಲಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಡ್ರೈವ್‌ಶಾಫ್ಟ್ ಬಿಚ್ಚಿ, ನಾಲ್ಕು ಚಕ್ರದ ಡ್ರೈವ್ ಇದ್ದರೆ ಟ್ರಾನ್ಸ್‌ಫರ್ ಕೇಸನ್ನೂ ಇಳಿಸಿ. ಸುಮಾರು 70 ಕೆಜಿಯ ತೂಕಕ್ಕೆ ತಕ್ಕ ಟ್ರಾನ್ಸ್‌ಮಿಷನ್ ಜ್ಯಾಕ್ ಬೇಕೇ ಬೇಕು. ಹೊರಗೆ ಬಂದಾಗ ಮುಂದಿನ ಪಂಪಿನ ಸೀಲ್ ಹೊಸದು ಹಾಕಿ, ಎಂಜಿನ್ನಿಗೂ ಕನ್ವರ್ಟರಿಗೂ ನಡುವಿನ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿನ ತೂತುಗಳ ಸುತ್ತ ಸೀಳು ಬಿಟ್ಟಿದೆಯೇ ಬೆಳಕು ಹಿಡಿದು ನೋಡಿ.

ನಿಧಾನ ಬೇಕಾದದ್ದು ಕನ್ವರ್ಟರ್ ಕೂರಿಸುವಾಗ. ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಡೆಕ್ಸ್ರಾನ್-6 ಎಣ್ಣೆ ಅದರೊಳಗೆ ಹೊಯ್ದು, ಹಬ್ಬಿಗೂ ಸೀಲಿನ ತುಟಿಗೂ ಎಣ್ಣೆ ಸವರಿ, ನೆಟ್ಟಗೆ ಒಳಗೆ ತಳ್ಳಿ ತಿರುಗಿಸುತ್ತಾ ಇರಿ. ಮೂರು ಸಲ ಒಳಗೆ ಇಳಿಯಬೇಕು: ಸ್ಟೇಟರ್ ಶಾಫ್ಟಿನ ಹಲ್ಲಿಗೆ, ಇನ್‌ಪುಟ್ ಶಾಫ್ಟಿನ ಹಲ್ಲಿಗೆ, ಕೊನೆಗೆ ಪಂಪಿನ ಕಚ್ಚಿಗೆ. ಮೂರನೆಯದು 'ಟಕ್' ಎಂದು ಕೈಗೆ ತಿಳಿಯುತ್ತದೆ. ಎರಡಕ್ಕೇ ಸಾಕೆಂದು ಬಿಟ್ಟವರು ಗೇರ್‌ಬಾಕ್ಸನ್ನು ಎಂಜಿನ್ನಿಗೆ ಒಡ್ಡಿದಾಗ ಅರ್ಧ ಅಂಗುಲದಷ್ಟು ಸಂದು ಉಳಿಯುತ್ತದೆ, ಅದನ್ನು ಬೋಲ್ಟ್ ಬಿಗಿದು ಎಳೆಯುತ್ತಾರೆ, ಪಂಪಿನ ರೋಟರ್ ಅಲ್ಲೇ ಒಡೆಯುತ್ತದೆ. ಎರಡು ಮುಖಗಳೂ ಬರಿಗೈಯಲ್ಲೇ ಕೂಡಬೇಕು. ಕೂಡದಿದ್ದರೆ ವಾಪಸ್ ಇಳಿಸಿ, ಬೇರೆ ದಾರಿಯಿಲ್ಲ.

ಗೇರ್‌ಬಾಕ್ಸಿನ ಬೋಲ್ಟುಗಳನ್ನು 37 ಪೌಂಡ್-ಅಡಿಗೆ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸರಾಗ ತಿರುಗಬೇಕು. ಅದರ ಪ್ಯಾಡಿಗೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ 3ರಿಂದ 5 ಮಿಲಿಮೀಟರ್ ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಪಂಪು ಒತ್ತಡದಲ್ಲಿದೆ, ಮುಂದುವರಿಯಬೇಡಿ. 5 ಮೀರಿದರೆ ಮೂರೂ ಪ್ಯಾಡಿಗೆ ಒಂದೇ ದಪ್ಪದ ವಾಷರ್ ಕೊಡಿ. ಬೋಲ್ಟಿನ ಉದ್ದವನ್ನೂ ಅಳೆಯಿರಿ. ಉದ್ದನೆಯ ಬೋಲ್ಟ್ ತುದಿ ಕನ್ವರ್ಟರಿನ ಮುಚ್ಚಳವನ್ನು ಒಳಗೆ ಗುಬ್ಬೆಬ್ಬಿಸುತ್ತದೆ. ಲಾಕ್‌ಅಪ್ ಕ್ಲಚ್ ಕೂರುವ ನುಣುಪು ಮೈ ಅದೇ ಆದ್ದರಿಂದ ಹೊಸ ಕನ್ವರ್ಟರ್ ಒಂದು ಮೈಲಿ ಓಡುವ ಮೊದಲೇ ಹಾಳು. ಮೂರೂ ಬೋಲ್ಟುಗಳಿಗೆ ಥ್ರೆಡ್‌ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಮೊದಲು ಕೈಯಲ್ಲಿ ಹಿಡಿಸಿ, ಆಮೇಲೆ 46 ಪೌಂಡ್-ಅಡಿಗೆ ಬಿಗಿಯಿರಿ.

ಎಣ್ಣೆ ಒಟ್ಟು 11 ಕ್ವಾರ್ಟ್ ಹತ್ತಿರ ಹಿಡಿಯುತ್ತದೆ. ಆರು ಹಾಕಿ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೇ ಉಳಿದದ್ದನ್ನು ಸೇರಿಸಿ, ಎಲ್ಲ ಗೇರುಗಳಿಗೂ ಲಿವರ್ ಆಡಿಸಿ. ಕೊನೆಯ ಅಳತೆ ಎಂಜಿನ್ ಓಡುತ್ತಿರುವಾಗ, ಎಣ್ಣೆ ಬಿಸಿಯಾದ ಮೇಲೆ, ಪಾರ್ಕ್‌ನಲ್ಲಿ.

ಇಲ್ಲಿಗೆ ಕೈ ತೊಳೆದುಕೊಳ್ಳುವವರೇ ಹೆಚ್ಚು, ಆದರೆ ಕಂಪ್ಯೂಟರಿಗೆ ಈ ಬದಲಾವಣೆ ಗೊತ್ತಿಲ್ಲ. ಪೂರ್ತಿ ಥ್ರಾಟಲಿನಲ್ಲಿ ಗೇರ್ ಬದಲಿಸಲು ಅದು ಆರ್‌ಪಿಎಂ, ಗಾಡಿಯ ವೇಗ ಎರಡನ್ನೂ ನೋಡುತ್ತದೆ. ಹೊಸ ಕನ್ವರ್ಟರ್ ಹೆಚ್ಚು ಜಾರುವುದರಿಂದ ಆರ್‌ಪಿಎಂ ಮೊದಲೇ ಏರಿರುತ್ತದೆ, ವೇಗ ಇನ್ನೂ ಬಂದಿರುವುದಿಲ್ಲ, ಎಂಜಿನ್ ರೆವ್ ಲಿಮಿಟರಿಗೆ ಹೋಗಿ ಬಡಿಯುತ್ತದೆ. ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐ ಲೈವ್‌ನಂಥ ಸಾಫ್ಟ್‌ವೇರಿನಲ್ಲಿ ಆ ವೇಗದ ಅಂಕಿಗಳನ್ನು ಇಳಿಸಬೇಕು. ಲಾಕ್‌ಅಪ್ ಲೆಕ್ಕವನ್ನೂ ನೋಡಿ: 3.73 ಆಕ್ಸಲ್, 245/75 ಆರ್16 ಟೈರ್ ಇದ್ದರೆ ನಾಲ್ಕನೆಯ ಗೇರಿನಲ್ಲಿ ಗಂಟೆಗೆ 45 ಮೈಲಿಗೆ ಎಂಜಿನ್ 1,300ರಲ್ಲಿರುತ್ತದೆ. ದೊಡ್ಡ ಕ್ಯಾಮ್ ಇರುವಾಗ ಕನ್ವರ್ಟರ್ ಅಷ್ಟು ಕೆಳಗೆ ಲಾಕ್ ಆದರೆ ಗಾಡಿ ಕುಲುಕುತ್ತದೆ. 55ಕ್ಕೆ ಸರಿಸಿದರೆ 1,580 ಸಿಗುತ್ತದೆ, ಕುಲುಕು ನಿಲ್ಲುತ್ತದೆ. 70ರಲ್ಲೂ 2,000ವೇ, ಸ್ಟಾಲಿಗಿಂತ ಕೆಳಗೇ. ಅಂದರೆ ಹೆದ್ದಾರಿಯಲ್ಲಿ ಲಾಕ್‌ಅಪ್ ಇಲ್ಲದೆ ಈ ಗಾಡಿ ಓಡಿಸುವಂತಿಲ್ಲ. ಒಂದೇ ತಟ್ಟೆಯ ಲಾಕ್‌ಅಪ್ ಕ್ಲಚ್ ಆದರೆ ಪೂರ್ತಿ ಥ್ರಾಟಲಿನಲ್ಲಿ ಅದು ಬಿಟ್ಟುಕೊಳ್ಳುವಂತೆಯೇ ಇರಿಸಿ, ಇಲ್ಲವಾದರೆ ಸುಟ್ಟುಹೋಗುತ್ತದೆ.

ಹೊಸ ಕನ್ವರ್ಟರ್ ಹಾಕಿದ ಕೆಲವೇ ದಿನಕ್ಕೆ ಪಿ1870 ಅಥವಾ ನಂತರದ ಮಾದರಿಗಳಲ್ಲಿ ಪಿ0894 ಕೋಡ್ (ಗೇರ್‌ಬಾಕ್ಸಿನಲ್ಲಿ ಜಾರುವಿಕೆಯಿದೆ ಎಂಬ ಕಂಪ್ಯೂಟರಿನ ಸೂಚನೆ) ಬಂದರೆ ಕನ್ವರ್ಟರನ್ನೇ ಬೈಯಬೇಡಿ. ತುಂಬಾ ಓಡಿದ 4ಎಲ್60ಇಯಲ್ಲಿ ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿಯೊಳಗೆ ಲಾಕ್‌ಅಪ್ ನಿಯಂತ್ರಿಸುವ ವಾಲ್ವಿನ ಕೊಳವೆ ಸವೆದು ಒತ್ತಡ ಸೋರುವುದು ಹಳೆಯ ಕಾಯಿಲೆ. ಮೂರು-ನಾಲ್ಕನೆಯ ಗೇರಿನ ಕ್ಲಚ್ ತಟ್ಟೆಗಳೂ ಅದೇ ವಯಸ್ಸಿನವು. 500 ಮೈಲಿ ಆದಮೇಲೆ ಪ್ಯಾನ್ ಇಳಿಸಿ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ನುಣುಪು ಕೆಸರು ತೆಳುವಾಗಿ ಅಂಟಿದ್ದರೆ ಅದು ಮಾಮೂಲು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಗೇರ್‌ಬಾಕ್ಸನ್ನು ಮತ್ತೆ ಇಳಿಸಿ ಬಿಚ್ಚಲೇಬೇಕು.