ಒಳಗುಳಿದ ಎರಡು ಅಡಿ

ಮಧುಗಿರಿ, ಕೊರಟಗೆರೆಯ ಕಡೆಯ ಕೆಲವು ಹಳೆಯ ತೆರೆದ ಬಾವಿಗಳಲ್ಲಿ ಇಳಿಯುವುದಕ್ಕೆಂದು ಬೇರೆ ಸೋಪಾನ ಕಟ್ಟಿರುವುದಿಲ್ಲ. ಬಾವಿಯ ಕಲ್ಲುಗೋಡೆಯಿಂದಲೇ ಒಂದೊಂದು ಚಪ್ಪಡಿಯನ್ನು ಓರೆಸಾಲಿನಲ್ಲಿ ಹೊರಕ್ಕೆ ಚಾಚಿ ಬಿಟ್ಟಿರುತ್ತಾರೆ. ಕೆಳಗೆ ಯಾವ ಆಸರೆಯೂ ಇಲ್ಲದ ಆ ಚಪ್ಪಡಿಗಳ ಮೇಲೆ ತುಂಬಿದ ಕೊಡ ಹೊತ್ತವರು ಕಾಲಿಟ್ಟು ಏರಿ ಬರುತ್ತಿದ್ದರು. ಕಲ್ಲು ಮಗುಚಿ ಬೀಳದಿರುವುದಕ್ಕೆ ಕಾರಣ ನಮ್ಮ ಕಣ್ಣಿಗೆ ಬೀಳುವ ಒಂದು ಅಡಿಯಲ್ಲಿಲ್ಲ. ಗೋಡೆಯೊಳಗೆ ಹುದುಗಿರುವ ಹಿಂಭಾಗದಲ್ಲಿ ಮತ್ತು ಅದರ ಮೇಲೆ ಕುಳಿತ ಗೋಡೆಯ ಭಾರದಲ್ಲಿದೆ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ಹಳೆಯ ಟೆಂಪೊ ಟ್ರಾವೆಲರ್ ಗಾಡಿಯ ಹಿಂಬದಿಯಲ್ಲಿ ನಾನು ಮತ್ತು ನನ್ನ ಸ್ನೇಹಿತ ಕೆಲವು ತಿಂಗಳು ಒದ್ದಾಡಿದ್ದು ಈ ಒಂದು ತತ್ತ್ವದೊಂದಿಗೆ.

ಸ್ನೇಹಿತನ ಬಯಕೆ ಸರಳವಾಗಿತ್ತು. ಗಾಡಿಯನ್ನು ಕ್ಯಾಂಪರ್ ವ್ಯಾನ್, ಅಂದರೆ ಅಡುಗೆ ಮಾಡಿಕೊಂಡು ಮಲಗಬಹುದಾದ ಗಾಡಿ ಮಾಡಿ, ಒಲೆ, ನೀರಿನ ಡ್ರಮ್ಮು, ಬಟ್ಟೆಯ ಕಪಾಟುಗಳಿಗೆ ಜಾಗ ಬಿಟ್ಟ ಮೇಲೆ ಮಲಗಲು ಉಳಿದದ್ದು ನಾಲ್ಕು ಅಡಿ. ಆರು ಅಡಿಯ ಮನುಷ್ಯ ಅಲ್ಲಿ ಮಲಗಲಾರ. ಗಾಡಿ ನಿಂತಾಗ ಮಾತ್ರ ಎರಡು ಅಡಿ ಹೊರಕ್ಕೆ ಜಾರಿ, ಹೊರಡುವಾಗ ಒಳಗೆ ಸೇರಿಕೊಳ್ಳುವ ಒಂದು ಪೆಟ್ಟಿಗೆ ಬೇಕಿತ್ತು. ಇದಕ್ಕೆ ಸ್ಲೈಡ್-ಔಟ್ ಎಂದು ಹೆಸರು. ಅಮೆರಿಕದ ನ್ಯೂಮಾರ್ ಕಂಪನಿ 1990ರಲ್ಲಿ ತನ್ನ ಮೋಟಾರ್ ಹೋಮ್‌ಗಳಲ್ಲಿ ಇದನ್ನು ತಂದ ಬಳಿಕ ಅಲ್ಲಿನ ದೊಡ್ಡ ಗಾಡಿಗಳಲ್ಲಿ ಅದು ಸಾಮಾನ್ಯವಾಗಿದೆ. ನಾವು ಅದನ್ನು ಜಾರುಪೆಟ್ಟಿಗೆ ಎಂದು ಕರೆದೆವು.

ಅಮೆರಿಕದ ಗಾಡಿಗಳಲ್ಲಿ ಜಾರುಪೆಟ್ಟಿಗೆ ಹೆಚ್ಚಾಗಿ ಪಕ್ಕದ ಗೋಡೆಯಿಂದ ಹೊರಬರುತ್ತದೆ. ನಾವು ಆ ದಾರಿಯನ್ನು ಬಿಟ್ಟುಕೊಟ್ಟದ್ದಕ್ಕೆ ಮೊದಲ ಕಾರಣ ಭೌತವಿಜ್ಞಾನ. ಕ್ಯಾಲೆಂಡರ್ ಸುತ್ತಿಟ್ಟು ಕೊಡುವ ರಟ್ಟಿನ ಕೊಳವೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿದರೆ ಅದು ಮಣಿಯುವುದಿಲ್ಲ; ಅದನ್ನೇ ಉದ್ದಕ್ಕೂ ಬ್ಲೇಡಿನಿಂದ ಸೀಳಿ ತಿರುಚಿದರೆ ಒದ್ದೆ ಬಟ್ಟೆಯಂತೆ ಸುಲಭವಾಗಿ ತಿರುಗುತ್ತದೆ. ತ್ರಿಜ್ಯ 25 ಮಿ.ಮೀ., ದಪ್ಪ 1 ಮಿ.ಮೀ. ಇರುವ ಕೊಳವೆಯನ್ನು ಹೀಗೆ ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಬಿಗಿ 1,800ಕ್ಕೂ ಹೆಚ್ಚು ಪಟ್ಟು ಕುಗ್ಗುತ್ತದೆಯೆಂದು ಲೆಕ್ಕ ಹೇಳುತ್ತದೆ. ವ್ಯಾನಿನ ಮೈಯೂ ತಗಡಿನ ಒಂದು ಮುಚ್ಚಿದ ಕೊಳವೆಯೇ ಆಗಿರುವುದರಿಂದ, ಪಕ್ಕದಲ್ಲಿ ಐದಾರು ಅಡಿ ಅಗಲದ ಕಿಂಡಿ ಕೊರೆದರೆ ಪೂರ್ತಿ ಸೀಳಿದಷ್ಟು ಹಾನಿಯಾಗದಿದ್ದರೂ ಗುಂಡಿಬಿದ್ದ ರಸ್ತೆಯಲ್ಲಿ ಅದು ನುಲಿಯತೊಡಗುತ್ತದೆ. ಅದರ ಮೇಲೆ, ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಒಂದು ದುಂಡು ತೂತಿದ್ದರೂ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಯೆಂದು ಜರ್ಮನಿಯ ಕಿರ್ಶ್ 1898ರಲ್ಲೇ ತೋರಿಸಿಕೊಟ್ಟಿದ್ದಾನೆ. ಗ್ರೈಂಡರಿನಲ್ಲಿ ಕೊಯ್ದ ಚೂಪು ಮೂಲೆಯಲ್ಲಿ ಅದು ಇನ್ನೂ ಹೆಚ್ಚು, ಬಿರುಕು ಹುಟ್ಟುವುದೂ ಅಲ್ಲಿಯೇ. ಹಿಂಬಾಗಿಲಾದರೋ ತಯಾರಕರೇ ಬಿಟ್ಟ ಕಿಂಡಿ. ಅದರ ಸುತ್ತ ಚೌಕಟ್ಟು ಕೊಟ್ಟು, ಮೂಲೆಗಳನ್ನು ದುಂಡಗೆ ಮಡಿಸಿ, ಆಗಬೇಕಾದ ಬಲವರ್ಧನೆಯನ್ನು ಅವರು ಮಾಡಿ ಮುಗಿಸಿದ್ದಾರೆ. ಇದ್ದ ತೂತನ್ನು ಬಿಟ್ಟು ಹೊಸ ತೂತು ಕೊರೆಯುವುದರಲ್ಲಿ ನನಗೆ ಜಾಣತನ ಕಾಣಲಿಲ್ಲ.

ಎರಡನೆಯ ಕಾರಣ ಕಾನೂನು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಎತ್ತಿಹಿಡಿದಿದೆ. ಸೀಟು ತೆಗೆದು ಮಂಚ ಹಾಕುವುದೂ ಮಾರ್ಪಾಡೇ ಆಗಬಹುದಾದ್ದರಿಂದ, ಕಬ್ಬಿಣ ತರುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬರುವುದು ಒಳ್ಳೆಯದು.

ಇನ್ನು ಪೆಟ್ಟಿಗೆಯ ವಿಷಯ. ಸ್ನೇಹಿತ ಮೊದಲು ಕಾಂಪೌಂಡಿನ ಜಾರುಗೇಟಿಗೆ ಹಾಕುವ ಚಕ್ರಗಳನ್ನು ತಂದು ಪೆಟ್ಟಿಗೆಯ ಕೆಳಗೆ ಕೂರಿಸಿದ. ಒಳಗೆ, ಹೊರಗೆ ಪೆಟ್ಟಿಗೆ ಬೆಣ್ಣೆಯಂತೆ ಜಾರಿತು. ಸಂತೋಷದಿಂದ ಅವನು ಹೋಗಿ ಹೊರತುದಿಯಲ್ಲಿ ಕುಳಿತದ್ದೇ ತಡ, ಒಳತುದಿ ಏತದ ಮರದಂತೆ ಮೇಲೆದ್ದು, ಅವನು ಹಾಸಿಗೆಯ ಸಮೇತ ಶೆಡ್ಡಿನ ನೆಲಕ್ಕೆ ಇಳಿದ. ಏತದಲ್ಲಿ ಒಂದು ತುದಿಗೆ ಮನುಷ್ಯ ನಡೆದು ಹೋದಂತೆ ಇನ್ನೊಂದು ತುದಿ ಏಳುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಗೇಟಿನ ಚಕ್ರ ಕೆಳಮುಖದ ಭಾರವನ್ನು ಮಾತ್ರ ಹೊರುತ್ತದೆ. ಜಾರುಪೆಟ್ಟಿಗೆಯ ಒಳತುದಿಗೆ ಬೇಕಾದದ್ದು ಮೇಲಕ್ಕೇಳದಂತೆ ಅದುಮಿ ಹಿಡಿಯುವ ಕೈ, ಅಂದರೆ ಬಾವಿಯ ಚಪ್ಪಡಿಯ ಮೇಲೆ ಗೋಡೆ ಮಾಡುವ ಕೆಲಸ. ಆದ್ದರಿಂದ ರೋಲರು ‘ಸಿ’ ಆಕಾರದ ಚಾನಲ್ಲಿನೊಳಗೆ ಓಡಬೇಕು. ಒಳತುದಿಯ ರೋಲರು ಚಾನಲ್ಲಿನ ಮೇಲ್ತುಟಿಗೆ ಒತ್ತಿ ನಿಲ್ಲುತ್ತದೆ.

ಅದು ಎಷ್ಟು ಬಲದಿಂದ ಒತ್ತುತ್ತದೆ ಎಂಬುದು ತಕ್ಕಡಿಯ ಲೆಕ್ಕ. ಹೊರಗೆ ಚಾಚಿದ ಎರಡು ಅಡಿಯ, ಅಂದರೆ 60 ಸೆಂ.ಮೀ. ಭಾಗದ ಮೇಲೆ ಪೆಟ್ಟಿಗೆಯ ತೂಕವೂ ಸೇರಿ 200 ಕೆ.ಜಿ. ಸಮವಾಗಿ ಹರಡಿದೆಯೆನ್ನೋಣ, ಅದರ ನಡುಬಿಂದು ಬಾಗಿಲಿನ ಹೊಸ್ತಿಲಿನಿಂದ 30 ಸೆಂ.ಮೀ. ದೂರದಲ್ಲಿದೆ. ಒಳಗೂ 60 ಸೆಂ.ಮೀ. ಉಳಿದಿದ್ದರೆ ಒಳತುದಿ 100 ಕೆ.ಜಿ. ಬಲದಿಂದ ಮೇಲೇಳಲು ನೋಡುತ್ತದೆ, ಹೊಸ್ತಿಲ ರೋಲರಿನ ಮೇಲೆ 300 ಕೆ.ಜಿ. ಬೀಳುತ್ತದೆ. ಈಗ ಆಸೆಪಟ್ಟು ಅದೇ ನಾಲ್ಕಡಿ ಪೆಟ್ಟಿಗೆಯನ್ನು ಇನ್ನೊಂದು ಅಡಿ ಎಳೆದರೆ ಹೊರಗೆ 90, ಒಳಗೆ 30 ಸೆಂ.ಮೀ. ಆಗುತ್ತದೆ. ತೂಕ ಅಷ್ಟೇ ಇದ್ದರೂ ಒಳತುದಿಯ ಮೇಲೆಳೆತ 300 ಕೆ.ಜಿ.ಗೆ, ಹೊಸ್ತಿಲಿನ ಭಾರ 500 ಕೆ.ಜಿ.ಗೆ ಏರುತ್ತದೆ. ಒಂದು ಅಡಿಗೆ ಮೂರು ಪಟ್ಟು ಬೆಲೆ. ಅಷ್ಟಲ್ಲದೆ, ಯಾರಾದರೂ ಧೊಪ್ಪನೆ ಕುಳಿತರೆ ಆ ಕ್ಷಣದಲ್ಲಿ ಬಲ ಕನಿಷ್ಠ ಇಮ್ಮಡಿಯಾಗುವುದರಿಂದ, ಚಾನಲ್ಲನ್ನು ಗಾಡಿಯ ನೆಲದ ತಗಡಿಗೆ ತಿರುಪು ಹಾಕಿ ಬಿಟ್ಟರೆ ಅದು ತಗಡನ್ನೇ ಕಿತ್ತುಕೊಂಡು ಬರುತ್ತದೆ. ಬೋಲ್ಟು ಕೆಳಗಿನ ಚಾಸಿಯ ಅಡ್ಡಪಟ್ಟಿಯನ್ನು ಹಿಡಿಯಬೇಕು. ಅಡುಗೆಮನೆಯ ಡ್ರಾಯರುಗಳಿಗೆ ಹಾಕುವ ಟೆಲಿಸ್ಕೋಪಿಕ್ ಚಾನಲ್ಲಿನ ಜೋಡಿ ಸಾಮಾನ್ಯವಾಗಿ ಹೊರುವುದು ಸುಮಾರು 45 ಕೆ.ಜಿ. ಒಲೆ, ಪಾತ್ರೆಗಳಿಗೆ ಅದು ಸಾಕು, ಮನುಷ್ಯರಿಗೆ ಸಾಲದು.

ಗೋಡೆಯಿಂದ ಚಾಚಿದ ತೊಲೆಯ ತುದಿಗೆ ಭಾರ ತೂಗಿಬಿಟ್ಟರೆ ಅದು ಹೇಗೆ ಮುರಿಯುತ್ತದೆಂದು ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಚಿತ್ರಸಹಿತ ಚರ್ಚಿಸಿದ್ದಾನೆ. ತೊಲೆಯ ದಪ್ಪವೆಲ್ಲ ಒಂದೇ ಸಮನಾಗಿ ಎಳೆತವನ್ನು ತಡೆಯುತ್ತದೆಂದು ಅವನು ಭಾವಿಸಿದ್ದರಿಂದ ಅವನ ಸೂತ್ರ ತೊಲೆಗೆ ಮೂರು ಪಟ್ಟು ಹೆಚ್ಚಿನ ಶಕ್ತಿಯನ್ನು ಕೊಟ್ಟುಬಿಡುತ್ತದೆ. ವಾಸ್ತವವಾಗಿ ಚಾಚಿದ ತೊಲೆಯ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ, ನಡುಭಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಗ್ರಾನೈಟ್ ಕಲ್ಲು ಒತ್ತಡವನ್ನು ಚೆನ್ನಾಗಿ ತಾಳಿದರೂ ಎಳೆತಕ್ಕೆ ಬೇಗ ಸೋಲುವುದರಿಂದಲೇ ಬಾವಿಯ ಮೆಟ್ಟಿಲು ಗಿಡ್ಡ ಮತ್ತು ದಪ್ಪ. ಉಕ್ಕಿಗೆ ಆ ಭೇದವಿಲ್ಲ; ಅದರಲ್ಲಿ ಕೆಲಸಕ್ಕೆ ಬಾರದ ನಡುಭಾಗವನ್ನು ತೆಗೆದುಹಾಕಿದರೆ ಸಿಗುವುದೇ ಟೊಳ್ಳು ಪೈಪು.

ನಾವು ಮೊದಲು ಲೆಕ್ಕ ಹಾಕಿದ್ದು 40 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಎರಡು ಉಕ್ಕಿನ ಪೈಪುಗಳಿಗೆ. ಬುಡ ಅಲುಗದೆ ನಿಂತಿದೆಯೆಂದುಕೊಂಡರೆ, 200 ಕೆ.ಜಿ.ಗೆ 60 ಸೆಂ.ಮೀ. ಚಾಚಿನ ತುದಿ ಸುಮಾರು 1.8 ಮಿ.ಮೀ. ಇಳಿಯುತ್ತದೆ. ಬಾಗುವಿಕೆ ಉದ್ದದ ಘನದಂತೆ ಬೆಳೆಯುವುದರಿಂದ 90 ಸೆಂ.ಮೀ.ಗೆ ಅದು 6 ಮಿ.ಮೀ. ದಾಟುತ್ತದೆ. ಹಗುರವೆಂದು ಅಲ್ಯೂಮಿನಿಯಮ್ಮಿಗೆ ಹೋದರೆ, ಅದೇ ಅಳತೆಯ ಪೈಪು ಮೂರು ಪಟ್ಟು ಹತ್ತಿರ ಬಾಗುತ್ತದೆ. ಇಲ್ಲಿ ಎತ್ತರಕ್ಕಿರುವ ಮಹಿಮೆ ಬೇರೆ ಯಾವುದಕ್ಕೂ ಇಲ್ಲ: 80ಕ್ಕೆ 40ರ ಪೈಪನ್ನು ಮಲಗಿಸದೆ ನಿಲ್ಲಿಸಿ ಬಳಸಿದರೆ, 40ರ ಚೌಕಕ್ಕಿಂತ ತೂಕ ಒಂದೂವರೆ ಪಟ್ಟು, ಬಿಗಿ ಐದು ಪಟ್ಟು. ಆದರೆ ಹಾಗೆ ಮಾಡಿದರೆ ಹಾಸಿಗೆ ಮೇಲೇರಿ ತಲೆ ಚಾವಣಿಗೆ ತಾಗುವಂತಿದ್ದುದರಿಂದ ನಾವು 40ರಲ್ಲೇ ಉಳಿದೆವು.

ಹಳೆಯ ಮರದ ಮೇಜಿನ ಅಗಲವಾದ ಡ್ರಾಯರನ್ನು ಒಂದು ಮೂಲೆ ಹಿಡಿದು ಎಳೆದವರಿಗೆ ಮುಂದಿನ ಸಮಸ್ಯೆ ಗೊತ್ತು. ಅದು ಸೊಟ್ಟಗೆ ತಿರುಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದಷ್ಟೂ ಇನ್ನಷ್ಟು ಕಚ್ಚುತ್ತದೆ. ಮೂಲೆಯ ಎಳೆತ ಡ್ರಾಯರನ್ನು ತಿರುಗಿಸುತ್ತದೆ, ತಿರುಗಿದ ಡ್ರಾಯರು ಪಕ್ಕದ ಗೋಡೆಗಳನ್ನು ಒತ್ತುತ್ತದೆ, ಆ ಒತ್ತಡದಿಂದ ಘರ್ಷಣೆ ಹುಟ್ಟುತ್ತದೆ, ಮತ್ತು ಈ ಮೂರೂ ಎಳೆತದ ಜೊತೆಜೊತೆಗೇ ಬೆಳೆಯುತ್ತವೆ. ಎರಡು ಮೈಗಳು ಒಂದನ್ನೊಂದು ಉಜ್ಜುವಾಗ ಎಷ್ಟು ತಡೆಯುತ್ತವೆಂದು ಹೇಳುವ ಸಂಖ್ಯೆಗೆ ಘರ್ಷಣಾಂಕವೆಂದು ಹೆಸರು. ಹಳಿಯೊಳಗೆ ಉಳಿದ ಉದ್ದವನ್ನು ಅದರ ಎರಡರಷ್ಟರಿಂದ ಭಾಗಿಸಿದರೆ ಬರುವ ದೂರವೇ ಗಡಿ. ನಡುಗೆರೆಯಿಂದ ಅದಕ್ಕಿಂತ ಆಚೆ ಹಿಡಿದು ಎಳೆದರೆ ಭೀಮನಿಂದಲೂ ಆ ಪೆಟ್ಟಿಗೆ ಜಾರದು. ನಮ್ಮ ಪೆಟ್ಟಿಗೆಯ ಅಗಲ 140 ಸೆಂ.ಮೀ., ಅಂದರೆ ಮೂಲೆ ನಡುವಿನಿಂದ 70 ಸೆಂ.ಮೀ. ಘರ್ಷಣಾಂಕ 0.3 ಇದ್ದು ಒಳಗೆ 60 ಸೆಂ.ಮೀ. ಉಳಿದಿದ್ದರೆ ಗಡಿ 100 ಸೆಂ.ಮೀ., ಚಿಂತೆಯಿಲ್ಲ. ತುಕ್ಕು ಹಿಡಿದು, ದೂಳು ತುಂಬಿ ಅದು 0.5 ಆದರೆ ಗಡಿ 60ಕ್ಕೆ ಇಳಿದು ಪೆಟ್ಟಿಗೆ ಕಚ್ಚಿಕೊಳ್ಳುತ್ತದೆ. ರೋಲರುಗಳಿದ್ದರೆ ಘರ್ಷಣಾಂಕ 0.02ರಷ್ಟಿದ್ದು ಗಡಿ 15 ಮೀಟರ್ ಆಚೆ ಹೋಗುತ್ತದೆ. ಆದರೆ ಈ ಒತ್ತಡ ಬೀಳುವುದು ಪಕ್ಕಗಳ ಮೇಲೆ. ಕೆಳಗೆಲ್ಲ ರೋಲರು ಹಾಕಿ ಪಕ್ಕಕ್ಕೆ ಬರಿಯ ಕಬ್ಬಿಣದ ಪಟ್ಟಿ ಬಿಡುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು, ನಾವೂ ಮಾಡಿದೆವು.

ಮಳೆಯ ಪಾಠವನ್ನು ಮನೆ ಕಟ್ಟುವವರಿಂದ ಕಲಿಯಬಹುದು. ಕಿಟಕಿಯ ಮೇಲಿನ ಸಜ್ಜದ ಕೆಳಮೈಯಲ್ಲಿ, ಅಂಚಿನಿಂದ ತುಸು ಒಳಗೆ, ಗಾರೆಯವರು ಉದ್ದಕ್ಕೂ ಒಂದು ಗೀರು ಬಿಡುತ್ತಾರೆ. ಅಂಟಿಕೊಂಡು ಒಳಕ್ಕೆ ಹರಿಯುವ ನೀರು ಆ ಗೀರನ್ನು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯ ಚಾವಣಿಗೂ ಅಂತಹ ತುಟಿ ಮತ್ತು ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟು, ಬಾಗಿಲ ಚೌಕಟ್ಟಿನ ಸುತ್ತ ಟೊಳ್ಳು ರಬ್ಬರ್ ಬೀಡಿಂಗ್ ಹಾಕಿದರೆ ರಬ್ಬರಿನ ಮೇಲೆ ಬೀಳುವ ಹೊಣೆ ಕಡಿಮೆಯಾಗುತ್ತದೆ. ಸಿಲಿಕೋನ್ ಅಂಟನ್ನೇ ನಂಬಿ ಕುಳಿತವರನ್ನು ಹಿಂಗಾರು ಮಳೆ ಎಬ್ಬಿಸುತ್ತದೆ.

ಹೊರತುದಿಗೆ ತಿರುಪಿನ ಕಾಲು ಕೊಟ್ಟರೆ ಅರ್ಧ ತಲೆನೋವು ಹೋಗುತ್ತದೆ: ಹರಡಿದ ತೂಕದ ಎಂಟರಲ್ಲಿ ಮೂರು ಪಾಲು, ಅಂದರೆ ಸುಮಾರು 75 ಕೆ.ಜಿ., ಕಾಲಿಗೆ ಹೋಗಿ, ಬುಡದಲ್ಲಿ ಪೈಪನ್ನು ಬಾಗಿಸಲು ನೋಡುವ ಬಲ ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ಗಾಡಿ ಸ್ಪ್ರಿಂಗಿನ ಮೇಲೆ ನಿಂತಿದೆಯೆಂಬುದನ್ನು ಮರೆಯಬಾರದು. ಎಲ್ಲರೂ ಕೆಳಗಿರುವಾಗ ಕಾಲನ್ನು ಬಿಗಿದು, ಆಮೇಲೆ ನಾಲ್ಕು ಜನ ಗಾಡಿ ಹತ್ತಿದರೆ ಸ್ಪ್ರಿಂಗು ಕುಗ್ಗುತ್ತದೆ, ಕಾಲು ಕುಗ್ಗುವುದಿಲ್ಲ. ಆಗ ಗಾಡಿಯ ಹಿಂಬದಿಯನ್ನೇ ಪೆಟ್ಟಿಗೆಯ ಕಾಲು ಹೊತ್ತು ನಿಂತಿರುತ್ತದೆ. ಜನ ಹತ್ತಿ ಕುಳಿತ ಬಳಿಕ ಕಾಲು ಬಿಗಿಯುವುದು, ಅವರು ಇಳಿಯುವ ಮೊದಲು ಸಡಿಲಿಸುವುದು ಸರಿಯಾದ ಕ್ರಮ. ಕೆರೆಯಂಗಳದ ಮೆತ್ತನೆಯ ಮಣ್ಣಿನಲ್ಲಾದರೆ ಕಾಲಿನಡಿಗೆ ಹಲಗೆ ಬೇಕು.

ಓಡುವಾಗಿನ ಚಿಲಕದ ಬಗ್ಗೆ ಒಂದೇ ಮಾತು. ದೇವರಾಯನದುರ್ಗದಂತಹ ಏರುದಾರಿಯಲ್ಲಿ ಗಾಡಿ ಹತ್ತುವಾಗ ಪೆಟ್ಟಿಗೆ ಹಿಂದಕ್ಕೆ ಜಾರಲು ನೋಡುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ರೋಲರು ನುಣುಪಾದಷ್ಟೂ ಇವೆರಡೂ ಹೆಚ್ಚು. ಆದ್ದರಿಂದ ಪ್ರತಿ ಪಕ್ಕಕ್ಕೂ ಸ್ವತಂತ್ರವಾದ ಚಿಲಕವಿರಬೇಕು, ಎರಡೂ ದಿಕ್ಕಿಗೆ ಹಿಡಿಯಬೇಕು.

ಮಲಗುವ ಮೊದಲು ಪೆಟ್ಟಿಗೆಯನ್ನು ಸಿಮೆಂಟ್ ಚೀಲಗಳಿಂದ ಪರೀಕ್ಷಿಸಿದೆವು. ಚೀಲಕ್ಕೆ 50 ಕೆ.ಜಿ.ಯೆಂಬ ಖಚಿತ ತೂಕವಿರುವುದರಿಂದ ಇದಕ್ಕಿಂತ ಅನುಕೂಲದ ತೂಕದ ಕಲ್ಲು ಸಿಗಲಾರದು. ಹೊರಚಾಚಿನ ಮೇಲೆ ನಾಲ್ಕು ಚೀಲ ಹರಡಿ, ತಿರುಪಿನ ಕಾಲು ಕೊಡದೆ, ಗಾಡಿಯ ನೆಲದ ಮಟ್ಟಕ್ಕೆ ದಾರ ಕಟ್ಟಿ ಸ್ಕೇಲಿನಿಂದ ಅಳೆದಾಗ ತುದಿ ಇಳಿದದ್ದು 7 ಮಿ.ಮೀ. ಲೆಕ್ಕ ಹೇಳಿದ್ದು 1.8. ಉಳಿದ 5 ಮಿ.ಮೀ. ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ಪೈಪಿನಲ್ಲಿ ಏನೂ ದೋಷವಿರಲಿಲ್ಲ; ಒಳತುದಿಯ ರೋಲರಿಗೂ ಚಾನಲ್ಲಿನ ಮೇಲ್ತುಟಿಗೂ ನಡುವೆ ಸುಮಾರು 5 ಮಿ.ಮೀ. ಸಂದು ಉಳಿದಿತ್ತು. ಒಳಗೂ ಹೊರಗೂ ಎರಡೆರಡು ಅಡಿ ಇದ್ದುದರಿಂದ, ಒಳತುದಿ ಎದ್ದಷ್ಟೇ ಹೊರತುದಿ ಇಳಿದಿತ್ತು. ಹೊರಗೆ ಮೂರಡಿ, ಒಳಗೆ ಒಂದಡಿ ಮಾಡಿದ್ದರೆ ಅದೇ ಸಂದು 15 ಮಿ.ಮೀ. ಇಳಿತವಾಗುತ್ತಿತ್ತು. ಚಾನಲ್ಲಿನ ಮೇಲ್ತುಟಿಗೆ 4 ಮಿ.ಮೀ. ಪಟ್ಟಿಯನ್ನು ಬೆಸೆದು ಮತ್ತೆ ಅದೇ ನಾಲ್ಕು ಚೀಲ ಇಟ್ಟಾಗ ಸ್ಕೇಲು 3 ಮಿ.ಮೀ. ತೋರಿಸಿತು. ಆರು ಚೀಲ ಇಟ್ಟು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಇಳಿಸಿದಾಗ ತುದಿ ದಾರದ ಮಟ್ಟಕ್ಕೆ ವಾಪಸು ಬಂತು.